ಬೆಳೆ ಹೋದದ್ದು ಉತ್ತವರದ್ದು, ಪರಿಹಾರ ಬಂದದ್ದು ಪಹಣಿಗೆ

ಶೇಂಗಾಸೀಮೆ:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ಕಡೆಯವನು. 2025ರ ನವೆಂಬರ್ 19ಕ್ಕೆ ಪಿಎಂ-ಕಿಸಾನ್ ಸಹಾಯಧನದ 21ನೇ ಕಂತು ಬಿಟ್ಟರು. ಊರಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಮೆಸೇಜ್ ಬಂತು, ನಮ್ಮ ಅಪ್ಪನಿಗೆ ಬರಲಿಲ್ಲ. ಯಾಕಿರಬಹುದು ಅಂತ ರಾತ್ರಿ ಮೊಬೈಲ್ ಹಿಡಿದು ಕೂತವನು ಹುಡುಕ್ತಾ ಹುಡುಕ್ತಾ ಕಂದಾಯ ಇಲಾಖೆಯ 'ಪರಿಹಾರ' ಜಾಲತಾಣಕ್ಕೆ ಹೋದೆ. ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಒತ್ತಿ 2023ರ ಮುಂಗಾರು ಬರ ಅಂತ ಆರಿಸಿದರೆ ಇಡೀ ಊರಿನ ಪಟ್ಟಿ ತೆರೆದುಕೊಳ್ಳುತ್ತೆ. ಯಾರಿಗೆ ಎಷ್ಟು ಬಂತು ಅಂತ ಸಾಲು ಸಾಲಾಗಿ ಇದೆ. ಅದನ್ನ ನೋಡಿದ ಮೇಲೆ ನಿದ್ದೆ ಬರಲಿಲ್ಲ.

2023 ನಿಮಗೆಲ್ಲ ನೆನಪಿರಬೇಕು. ಜುಲೈ ಮಳೆಗೆ ಶೇಂಗಾ ಬಿತ್ತಿದ್ವಿ. ಹೂವಾಗಿ ಕಾಯಿ ಹಿಡಿಯೋ ಹೊತ್ತಿಗೆ ಆಶ್ಲೇಷ ಹೋಯ್ತು, ಮಘೆನೂ ಹೋಯ್ತು, ಹನಿ ಬೀಳಲಿಲ್ಲ. 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲವಂತೆ. ಅಕ್ಟೋಬರಲ್ಲಿ ಕಿತ್ತರೆ ಗಿಡಕ್ಕೆ ಎರಡೋ ಮೂರೋ ಕಾಯಿ, ಅದರಲ್ಲೂ ಒಂದು ಜೊಳ್ಳು. ಅಮ್ಮ ಕಣದಲ್ಲಿ ಕೂತು ಕಾಯಿ ಬಿಡಿಸ್ತಿದ್ದವಳು ಮೊರ ಅಲ್ಲೇ ಇಟ್ಟು ಎದ್ದು ಮನೆಗೆ ಹೋದಳು. ಬಳ್ಳಿನ ಹಂಗೇ ದನಕ್ಕೆ ಹಾಕಿದ್ವಿ.

ಆ ವರ್ಷ ನಾವು ಉತ್ತದ್ದು ಏಳೂವರೆ ಎಕರೆ. ಅಪ್ಪನ ಹೆಸರಲ್ಲಿ 2 ಎಕರೆ. ತೀರಿಹೋದ ತಾತನ ಹೆಸರಲ್ಲೇ ಉಳಿದಿರೋದು 1 ಎಕರೆ 20 ಗುಂಟೆ. ಮಿಕ್ಕ 4 ಎಕರೆ ಗುತ್ತಿಗೆಗೆ ಮಾಡಿದ್ದು, ಮಾಲೀಕರು ದಾವಣಗೆರೆಯಲ್ಲಿ ಇರ್ತಾರೆ. ಮೂರೂ ಹೊಲಕ್ಕೆ ಬಿದ್ದದ್ದು ಒಂದೇ ಬೀಜ, ನಮ್ಮದೇ ಎತ್ತು, ನಮ್ಮದೇ ಮೈ. ಪಟ್ಟಿಯಲ್ಲಿ ಅಪ್ಪನಿಗೆ 6,880 ರೂಪಾಯಿ ಇದೆ. ತಾತನ ಹೊಲಕ್ಕೆ ಸೊನ್ನೆ. ಗುತ್ತಿಗೆ ಹೊಲಕ್ಕೆ 13,760 ಬಂದಿದೆ, ಅದು ದಾವಣಗೆರೆಗೆ ಹೋಗಿದೆ. ಗುತ್ತಿಗೆ ದುಡ್ಡನ್ನ ನಾವು ಯುಗಾದಿಗೇ ಪೂರ್ತಿ ಕೊಟ್ಟಾಗಿತ್ತು.

ಬದುವಿನ ಆಚೆ ಕಡೆಯವರಿಗೆ 5 ಎಕರೆಗೆ 17,000 ಬಂದಿದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರ ಬೆಳೆನೂ ಹೋಗಿತ್ತು. ಆದರೆ ಈ ಲೆಕ್ಕ ಹೆಂಗೆ ಹಾಕ್ತಾರೆ, ಉತ್ತವನ ಹೆಸರು ಇದರಲ್ಲಿ ಎಲ್ಲಿಗೆ ಬರುತ್ತೆ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಲೆಕ್ಕಿಗ:

ತಮ್ಮಾ, ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿದ್ದೆ, ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತಾರೆ. ನಿನ್ನ ಲೆಕ್ಕ ಬಿಡಿಸಿ ಹೇಳ್ತೀನಿ.

ದರ ಕೇಂದ್ರದ್ದು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಶೇ 33ಕ್ಕೆ ಮೇಲ್ಪಟ್ಟು ಬೆಳೆ ಹೋಗಿರಬೇಕು. ಒಬ್ಬರಿಗೆ ಹೆಚ್ಚೆಂದರೆ 2 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 3,440 ಆಯ್ತು. ಅಪ್ಪನ 2 ಎಕರೆಗೆ 6,880 ಸರಿ ಇದೆ. ಪಕ್ಕದವರ 5 ಎಕರೆ ಎರಡು ಹೆಕ್ಟೇರಿಗಿಂತ ಒಂದೆರಡು ಗುಂಟೆ ಜಾಸ್ತಿ, ಹಂಗಾಗಿ 17,000ಕ್ಕೆ ನಿಂತಿದೆ. ಅವರಿಗೆ ಹತ್ತೆಕರೆ ಇದ್ದರೂ ಅಷ್ಟೇ.

ನಿಮ್ಮಪ್ಪನ 6,880 ಎರಡು ಕಂತಲ್ಲಿ ಬಂದಿರಬೇಕು, ಪಾಸ್‌ಬುಕ್ ನೋಡು. ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆದವು. ರಾಜ್ಯ ಕೇಂದ್ರಕ್ಕೆ 18,171 ಕೋಟಿ ಕೇಳಿತ್ತು. ದುಡ್ಡು ಬರೋದು ತಡವಾಯ್ತು ಅಂತ 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತು 2,000ದ ತನಕ ಕೊಟ್ಟಿತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಏಪ್ರಿಲ್ ಕೊನೆಗೆ ಕೇಂದ್ರದಿಂದ 3,454 ಕೋಟಿ ಬಂತು. ಬಾಕಿ 4,880 ಮೇ ತಿಂಗಳ ಆಸುಪಾಸು ಜಮೆ ಆಗಿರುತ್ತೆ.

ಈಗ ನಿನ್ನ ನಿಜವಾದ ಪ್ರಶ್ನೆ. ಪಹಣಿ ತೆಗೆದು ನೋಡು. 9ನೇ ಕಲಂ ಮಾಲೀಕನದ್ದು, 12ನೇ ಕಲಂ ಸಾಗುವಳಿದಾರ ಮತ್ತು ಬೆಳೆಯದ್ದು. ದುಡ್ಡು ಹೋಗೋದು 9ನೇ ಕಲಂನ ಹೆಸರಿಗೆ. ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ಆ ಹೆಸರಿಗೆ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇರಬೇಕು, ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ನಂಬರಿನ ಮುಂದೆ ಶೇಂಗಾ ಅಂತ ಬಂದಿರಬೇಕು. ತೀರಿಹೋದವರಿಗೆ ಆಧಾರ್ ಜೋಡಿಸೋಕೆ ಆಗಲ್ಲ, ಎಫ್‌ಐಡಿ ಆಗಲ್ಲ. ತಾತನ 1 ಎಕರೆ 20 ಗುಂಟೆಗೆ ಬರಬೇಕಿದ್ದ 5,160 ಅಲ್ಲೇ ನಿಂತಿತು. ತೀರಿಹೋದವರ ಜಮೀನನ್ನ ವಾರಸುದಾರರ ಹೆಸರಿಗೆ ಬದಲಾಯಿಸೋ ಪೌತಿ ಖಾತೆ ಮಾಡಿಸದೆ ಬೇರೆ ದಾರಿ ಇಲ್ಲ. ಇಲಾಖೆ ಈಗ ಇ-ಪೌತಿ ಅಂತ ಊರೂರಿಗೆ ಬರ್ತಿದೆ, ಬಿಡಬೇಡ.

ಪಿಎಂ-ಕಿಸಾನ್ ಬೇರೆ ಕತೆ. ಅಮ್ಮನ ಹೆಸರಲ್ಲಿ ಎಲ್ಲಾದರೂ ಜಮೀನು ಇದೆಯಾ?

ಶೇಂಗಾಸೀಮೆ:

ಇದೆ ಸಾರ್. ತವರಿನವರು ಕೊಟ್ಟ ಒಂದು ಎಕರೆ, ಬೇರೆ ಊರಲ್ಲಿ. ಅಮ್ಮನಿಗೂ 2,000 ಬರ್ತಿತ್ತು. ಈ ಸಲ ಅವರಿಗೂ ಬಂದಿಲ್ಲ.

ನಿವೃತ್ತ ಲೆಕ್ಕಿಗ:

ಅಲ್ಲೇ ಇದೆ. ಆ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ಎಲ್ಲರಿಗೂ ಸೇರಿ ವರ್ಷಕ್ಕೆ ಒಂದೇ 6,000. ಗಂಡ ಹೆಂಡತಿ ಇಬ್ಬರೂ ಪಡೀತಿರೋ ಕಡೆ, ಮತ್ತೆ 2019ರ ಫೆಬ್ರವರಿ 1ರ ನಂತರ ಜಮೀನು ಹೆಸರಿಗೆ ಬಂದ ಕಡೆ, ಪರಿಶೀಲನೆ ಆಗೋ ತನಕ ತಡೆ ಹಿಡಿದಿದ್ದಾರೆ. ವಾರಸಿನಿಂದ ಬಂದಿದ್ದರೆ ಆ ದಿನಾಂಕ ಅಡ್ಡಿ ಅಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಇಬ್ಬರಲ್ಲಿ ಒಬ್ಬರದ್ದು ಉಳಿಸಿಕೊಂಡು ಇನ್ನೊಬ್ಬರದ್ದು ಬಿಡ್ತೀವಿ ಅಂತ ಬರೆದುಕೊಡಿ. ಗೊತ್ತಿಲ್ಲದೆ ಆಗಿದೆ ಅಂತ ಹೇಳೋಕೆ ಸಂಕೋಚ ಬೇಡ.

ಬದುವಿನ ಹೂ:

ಪೌತಿ ಖಾತೆ ಮಾಡಿಸಿ ಅನ್ನೋ ಮಾತು ಓದಿ ಬರೀತಿದ್ದೀನಿ. ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಅದು.

ನಮ್ಮ ಯಜಮಾನರು ಹೋಗಿ ಆರು ವರ್ಷ ಆಯ್ತು. ಹೊಲ ಇನ್ನೂ ಮಾವನವರ ಹೆಸರಲ್ಲಿದೆ, ಅವರು ಹೋಗಿ ಹದಿನಾಲ್ಕು ವರ್ಷ. ಬಿತ್ತೋದು, ಕಳೆ ತೆಗೆಸೋದು, ಕೂಲಿಯವರಿಗೆ ದುಡ್ಡು ಹೊಂದಿಸೋದು ಎಲ್ಲಾ ನಾನೇ. ವಂಶವೃಕ್ಷಕ್ಕೆ ಮೈದುನ ಒಪ್ಪಬೇಕು, ನಾದಿನಿಯರು ಒಪ್ಪಬೇಕು. ಒಬ್ಬ ನಾದಿನಿ ಪಾಲು ಕೇಳ್ತಾರೆ, ಕೇಳಲಿ, ಅವರ ಹಕ್ಕು ಅದು, ನಾನು ಬೇಡ ಅಂದಿಲ್ಲ. ಮೈದುನ ಮಾತ್ರ ಹಬ್ಬ ಮುಗೀಲಿ ಅಂತಾರೆ, ಹಬ್ಬ ಮುಗಿದರೆ ಸುಗ್ಗಿ ಮುಗೀಲಿ ಅಂತಾರೆ.

ಬರ ಪರಿಹಾರ ಬರಲಿಲ್ಲ. ಪಿಎಂ-ಕಿಸಾನ್ ಇಲ್ಲ. ಬೆಳೆ ವಿಮೆ ಕಟ್ಟೋಕೆ ಹೋದರೆ ಅಲ್ಲೂ ಎಫ್‌ಐಡಿ ಕೇಳ್ತಾರೆ. ಸಬ್ಸಿಡಿ ಬೀಜಕ್ಕೆ ಸರದಿಯಲ್ಲಿ ನಿಂತು, ನನ್ನ ಸರದಿ ಬಂದಾಗ ನಂಬರ್ ಇಲ್ಲ ಅಂತ ಕಳಿಸಿದರು. ಹಿಂದೆ ನಿಂತಿದ್ದ ಹುಡುಗ ಅವನ ಹೆಸರಲ್ಲಿ ಒಂದು ಚೀಲ ತೆಗೆದು ಕೊಟ್ಟ. ನನಗೆ ಅಲ್ಲಿ ಕಣ್ಣಲ್ಲಿ ನೀರು ಬಂತು.

ಊರಲ್ಲಿ ರೈತರು ಎಷ್ಟು ಅಂತ ಸರ್ಕಾರ ಎಣಿಸೋವಾಗ ನಾನು ಆ ಲೆಕ್ಕದಲ್ಲಿ ಇಲ್ಲ. ಹೊಲದಲ್ಲಿ ಇದ್ದೀನಿ.

ತೊಗರಿಹೊಲ:

ಅಕ್ಕಾರ, ನಿಮ್ಮ ಮಾತು ಓದಿ ಬಾಳ ಸಂಕಟ ಆಯ್ತು ನೋಡ್ರಿ. ನಮ್ಮದು ಕಲಬುರಗಿ ಕಡಿ. ಈ ವರ್ಷ ಸೆಪ್ಟೆಂಬರದಾಗ ಭೀಮಾ ಹೊಳಿ ಉಕ್ಕಿ ತೊಗರಿ ಎಲ್ಲಾ ನೀರಾಗ ನಿಂತು ಬೇರು ಕೊಳತು ಹೋಯ್ತು. ಹೊಲದಾಗ ಕಾಲಿಟ್ರ ಮೊಣಕಾಲತನಾ ರಾಡಿ.

ಈ ಸಲ ರಾಜ್ಯದವರು ಕೇಂದ್ರದ ದರದ ಮ್ಯಾಲ ಹೆಕ್ಟೇರಿಗೆ 8,500 ಕೂಡಿಸಿ ಕೊಡ್ತೀವಿ ಅಂದರು. ಅಂದ್ರ ಒಣ ಬೇಸಾಯಕ್ಕ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕ 31,000. ಅದು ಚೊಲೋ ಆಯ್ತು, ಚೊಲೋ ಆದದ್ದಕ್ಕ ಚೊಲೋ ಅನ್ನಬೇಕು.

ಆದ್ರ ಖಾತೆಗಿ ಬಂದ ರೊಕ್ಕ ಕೈಗಿ ಬರೋದು ಬ್ಯಾರೇ ಮಾತು. 2024ರಾಗ ನನಗ ಬಂದ ಬರ ಪರಿಹಾರ ಬ್ಯಾಂಕಿನವರು ಹಳೇ ಬೆಳೆ ಸಾಲಕ್ಕ ಹಿಡಕೊಂಡರು. ಪರಿಹಾರದ ರೊಕ್ಕ ಸಾಲಕ್ಕ ಜಮಾ ಮಾಡಬ್ಯಾಡ್ರಿ ಅಂತ ಸರ್ಕಾರ ಬ್ಯಾಂಕಿನವರಿಗಿ ಹೇಳಿತ್ತು, ಪೇಪರಿನಾಗೂ ಬಂದಿತ್ತು. ಆ ಪೇಪರ್ ತುಣುಕು ಕತ್ತರಿಸಿ ಅರ್ಜಿಗಿ ಅಂಟಿಸಿ ಕೊಟ್ಟು ಬಂದೆ. ಮೂರು ಸಲ ಎಡತಾಕಿದ ಮ್ಯಾಲ ವಾಪಸ್ ಹಾಕಿದರು. ಅಷ್ಟೊತ್ತಿಗಿ ಬಿತ್ತಿಗಿ ಬೀಜ ಉದ್ರಿ ತಂದಾಗಿತ್ತು. ಯಾರಿಗಾದ್ರೂ ಹಂಗ ಆಗಿದ್ರ ಬಾಯಿ ಮಾತಿನಾಗ ಕೇಳಬ್ಯಾಡ್ರಿ, ಬರದು ಕೊಟ್ಟು ಸ್ವೀಕೃತಿ ಸಹಿ ತಗೋರಿ.

ಗಡಿಹಳ್ಳಿ:

ಮೊಳಕಾಲ್ಮೂರು ಗಡಿ ನಮ್ಮದು, ಅಕ್ಕನ್ನ ಕೊಟ್ಟಿರೋದು ಆಂಧ್ರದ ರಾಯದುರ್ಗದ ಕಡೆ. ಗುತ್ತಿಗೆ ವಿಷಯ ಬಂದದ್ದಕ್ಕೆ ಹೇಳ್ತೀನಿ. ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಮಾಡಿದರು. ಗುತ್ತಿಗೆ ಮಾಡೋರಿಗೆ 11 ತಿಂಗಳಿಗೆ ಒಂದು ಕಾರ್ಡ್ ಕೊಡ್ತಾರೆ. ಅದು ಬೆಳೆಯ ಹಕ್ಕು ಮಾತ್ರ, ಭೂಮಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಕಾಯ್ದೆಯಲ್ಲೇ ಇದೆ. ಕಾರ್ಡ್ ಇದ್ದರೆ ಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ ಹೆಸರು ಸೇರುತ್ತೆ.

ಆದರೆ ಮಾಲೀಕರ ಸಹಿ ಬೇಕು. ನಮ್ಮ ಭಾವ ಒಂದು ವರ್ಷ ಮಾಡಿಸಿದ್ದರು, ಮುಂದಿನ ವರ್ಷ ಹೊಲದವರು ಸಹಿ ಹಾಕಲ್ಲ ಅಂದರು. ಕಾರ್ಡ್ ಬೇಕಾ ಹೊಲ ಬೇಕಾ ಅಂತ ಕೇಳಿದರಂತೆ. ಭಾವ ಹೊಲ ಬೇಕು ಅಂದರು. ಇನ್ನೇನು ಅಂತಾರೆ ಹೇಳಿ.

ತೆಂಗಿನತೋಟ:

ನಾನು ಎದುರು ಕಡೆಯವನು, ಹೊಲ ಗುತ್ತಿಗೆಗೆ ಕೊಟ್ಟವನು. ನನ್ನ ಮಾತನ್ನೂ ಕೇಳಿ.

ತುಮಕೂರು ಜಿಲ್ಲೆಯಲ್ಲಿ ಮೂರು ಎಕರೆ ರಾಗಿ ಹೊಲ, ಸ್ವಲ್ಪ ತೆಂಗು ಇದೆ. ಅಪ್ಪ ಮೇಷ್ಟ್ರಾಗಿದ್ದು ನಿವೃತ್ತರಾದವರು. 2019ರಲ್ಲಿ ಊರಲ್ಲಿ ಎಲ್ಲರ ಜೊತೆ ಅವರ ಹೆಸರೂ ಪಿಎಂ-ಕಿಸಾನ್‌ಗೆ ಸೇರಿತು. ತಿಂಗಳಿಗೆ 10,000ಕ್ಕೆ ಮೇಲೆ ಪಿಂಚಣಿ ಇರೋರಿಗೆ ಬರೋದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಬಂದದ್ದನ್ನೆಲ್ಲ ಅವರೇ ನಿಂತು ವಾಪಸ್ ಕಟ್ಟಿಸಿದರು. ಪಿಎಂ-ಕಿಸಾನ್ ಜಾಲತಾಣದಲ್ಲೇ ಹಿಂದಿರುಗಿಸೋಕೆ ವ್ಯವಸ್ಥೆ ಇದೆ. ಇನ್ನೊಬ್ಬರ ಪಾಲು ನಮ್ಮ ಮನೆಯಲ್ಲಿ ಇರಬಾರದು ಅಂದರು.

ಆದರೆ ಅದೇ ಅಪ್ಪ ಗುತ್ತಿಗೆಗೆ ಕಾಗದ ಮಾತ್ರ ಬರೆದುಕೊಡಲ್ಲ. ಯಾಕೆ ಅಂದರೆ 1974. ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸರ ಕಾಲದಲ್ಲಿ ಕಾಯ್ದೆ ಬಂದು ಮಾರ್ಚ್ 1ಕ್ಕೆ ಜಾರಿಯಾಯ್ತು. ಸೈನಿಕರ, ನಾವಿಕರ ಜಮೀನು ಬಿಟ್ಟರೆ ಗೇಣಿಗೆ ಕೊಡೋದೇ ನಿಷೇಧ. ಆ ಕಾಯ್ದೆಯಿಂದ ಲಕ್ಷಾಂತರ ಜನ ಭೂಮಿ ಕಂಡರು, ಅದು ದೊಡ್ಡ ಕೆಲಸ, ನಾನು ಅದನ್ನ ಮನಸಾರೆ ಒಪ್ತೀನಿ. ಆದರೆ ಇವತ್ತು ನಮ್ಮಂಥ ಮೂರೆಕರೆಯವರು ಕೂಡ ಗುತ್ತಿಗೆ ಅಂತ ಎಲ್ಲೂ ಬರೆಯೋ ಹಾಗಿಲ್ಲ. ಬರೆದರೆ ಕಾನೂನಿಗೆ ತಪ್ಪು, ಬರೆಯದಿದ್ದರೆ ಉಳುವವನಿಗೆ ಅನ್ಯಾಯ. ನಾವು ಮಾಡಿಕೊಂಡಿರೋದು ಇಷ್ಟು: ಪರಿಹಾರ ನಮ್ಮ ಖಾತೆಗೆ ಬಂದರೆ ಮಾರನೇ ದಿನ ಅವರಿಗೆ ಕಳಿಸ್ತೀವಿ. ಇದು ಬಾಯಿ ಮಾತಿನ ನಂಬಿಕೆ, ನಾಳೆ ನನ್ನ ಮಗ ಹಾಗೇ ನಡೆದುಕೊಳ್ತಾನೆ ಅಂತ ನಾನು ಬರೆದುಕೊಡೋಕೆ ಆಗಲ್ಲ.

ನಾಲೆಬದಿ:

ಪಟ್ಟಿ ಹಿಂಗೆ ಎಲ್ಲರ ಕಣ್ಣಿಗೆ ಬೀಳಬೇಕಾ ಅನ್ನೋದು ನನ್ನ ಪ್ರಶ್ನೆ. ನಮ್ಮೂರಲ್ಲಿ (ಮಂಡ್ಯ ಕಡೆ) ಪರಿಹಾರ ಬಂದ ವಾರವೇ ಕೈಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದರು, ನಿನಗೆ ಇಷ್ಟು ಬಂದದೆ ಅಂತ ಮೊತ್ತ ಸಮೇತ ಹೇಳಿದರು. ಬಡವನ ಖಾತೆಗೆ ಏನು ಬಂತು ಅಂತ ಊರೆಲ್ಲ ನೋಡಬಹುದು ಅಂದರೆ ಅವನಿಗೆ ಉಳಿಯೋ ಮರ್ಯಾದೆ ಏನು?

ನಿವೃತ್ತ ಲೆಕ್ಕಿಗ:

ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಪಟ್ಟಿ ಮುಚ್ಚಿದ್ದ ಕಾಲವನ್ನ ನಾನು ಒಳಗಿಂದ ಕಂಡಿದ್ದೀನಿ. ಹೆಸರು ಬರೀತಿದ್ದವರು ನಾವೇ, ಕೈಗೆ ಚೆಕ್ ಕೊಡ್ತಿದ್ದವರೂ ನಾವೇ. ಬಿಟ್ಟುಹೋದವನಿಗೆ ತಾನು ಬಿಟ್ಟುಹೋದೆ ಅಂತ ಗೊತ್ತಾಗ್ತಿರಲಿಲ್ಲ. ಬೆಳೆಯೇ ಇಡದ ಬೀಳು ಹೊಲಕ್ಕೆ ದುಡ್ಡು ಬಂದರೆ ಕೇಳೋರಿರಲಿಲ್ಲ. ಈ ಹುಡುಗ ಇವತ್ತು 5,160 ತಪ್ಪಿದ್ದು ಯಾಕೆ ಅಂತ ಕೇಳ್ತಿದ್ದಾನೆ ಅಂದರೆ ಪಟ್ಟಿ ತೆರೆದಿದ್ದಕ್ಕೆ. ಖಾತೆ ನಂಬರ್, ಆಧಾರ್ ಮುಚ್ಚಿಡಲಿ. ಹೆಸರು, ಸರ್ವೆ ನಂಬರ್, ಮೊತ್ತ ತೆರೆದೇ ಇರಲಿ.

ದೂರದೂರು:

ನಾನು ಹಾಸನದವನು, ಅಮೆರಿಕದ ಅಯೋವಾದಲ್ಲಿ ಹದಿನೆಂಟು ವರ್ಷದಿಂದ ಇದ್ದೀನಿ. ಸುತ್ತ ಮೆಕ್ಕೆಜೋಳ, ಸೋಯಾ ಬಿಟ್ಟರೆ ಬೇರೆ ಕಾಣೋದಿಲ್ಲ. ಈ ಚರ್ಚೆ ಇಲ್ಲೂ ಹೀಗೇ ನಡೆಯುತ್ತೆ, ಅದಕ್ಕೆ ಬರೆಯೋಣ ಅನ್ನಿಸ್ತು.

ಇಲ್ಲಿ ನಮ್ಮ ತಾಲ್ಲೂಕಿನ ಜಾಗದಲ್ಲಿ ಕೌಂಟಿ. ಕೌಂಟಿಗಳಲ್ಲಿ ಕೃಷಿ ಇಲಾಖೆಯ ಕಚೇರಿ, ಅದರ ಮೇಲ್ವಿಚಾರಣೆಗೆ ರೈತರೇ ಮತ ಹಾಕಿ ಆರಿಸಿದ ಸಮಿತಿ. ಸಹಾಯಧನ ಯಾರಿಗೆ ಎಷ್ಟು ಹೋಯ್ತು ಅನ್ನೋದನ್ನ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನೋ ಸಂಸ್ಥೆ 1995ರಿಂದ ಈಚಿನ ಲೆಕ್ಕ ಹಿಡಿದು ಕೌಂಟಿವಾರು, ಹೆಸರುವಾರು ಇಟ್ಟಿದೆ. ಅಲ್ಲೂ ನಾಲೆಬದಿಯವರು ಕೇಳಿದ ಪ್ರಶ್ನೆಯನ್ನೇ ಜನ ಕೇಳ್ತಾರೆ.

ಗುತ್ತಿಗೆ ವಿಷಯದಲ್ಲಿ ಇಲ್ಲಿಯ ನಿಯಮ ನೋಡಿ. ದರ ಬಿದ್ದಾಗ, ಆದಾಯ ಕುಸಿದಾಗ ಕೊಡೋ ಮುಖ್ಯ ಸಹಾಯಧನದಲ್ಲಿ, ಮಾಲೀಕ ನಗದು ಗುತ್ತಿಗೆ ತಗೊಂಡಿದ್ದರೆ ಅವನಿಗೆ ಏನೂ ಇಲ್ಲ, ಪೂರ್ತಿ ಉಳುವವನಿಗೆ. ಬೆಳೆಯಲ್ಲಿ ಪಾಲು ತಗೊಳ್ಳೋ ಒಪ್ಪಂದ ಇದ್ದರೆ ಅದೇ ಪಾಲಿನಂತೆ ಇಬ್ಬರಿಗೂ. ನಷ್ಟ ಯಾರ ತಲೆ ಮೇಲೆ ಬೀಳುತ್ತೋ ದುಡ್ಡು ಅವರಿಗೆ. ಚಳ್ಳಕೆರೆಯ ತಮ್ಮನ 13,760 ಈ ಲೆಕ್ಕದಲ್ಲಿ ಅವರ ಅಪ್ಪನದ್ದೇ.

ಇಲ್ಲಿ ಎಲ್ಲ ಸರಿ ಇದೆ ಅಂತ ಅಲ್ಲ. ಮಾಲೀಕರು ಗುತ್ತಿಗೆ ಏರಿಸಿ ಅದರಲ್ಲಿ ಒಂದಿಷ್ಟನ್ನ ಎಳೆದುಕೊಳ್ತಾರೆ. ದೊಡ್ಡ ಹಿಡುವಳಿಗೆ ದೊಡ್ಡ ದುಡ್ಡು, ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಇದ್ದ ಮಿತಿಯನ್ನ 2025ರ ಕಾನೂನು 1,55,000ಕ್ಕೆ ಏರಿಸಿತು. ಹಿಂದೆ ಹಳೇ ದಾಖಲೆಯ ಎಕರೆಗೆ ನೇರವಾಗಿ ದುಡ್ಡು ಕೊಡ್ತಿದ್ದ ಕಾಲದಲ್ಲಿ, ಟೆಕ್ಸಸ್‌ನಲ್ಲಿ ಭತ್ತದ ಗದ್ದೆ ಸೈಟುಗಳಾಗಿ ಮನೆ ಎದ್ದ ಮೇಲೂ ಆ ಮನೆಯವರಿಗೆ ಸಹಾಯಧನ ಬರ್ತಿತ್ತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಅದನ್ನ ಬರೆಯಿತು, 2014ರಲ್ಲಿ ಆ ಪದ್ಧತಿ ನಿಂತಿತು.

ಬದುವಿನ ಹೂ:

ನಷ್ಟ ಯಾರ ತಲೆ ಮೇಲೆ ಬೀಳುತ್ತೋ ಅವರಿಗೆ ಅಂದಿರಲ್ಲ ಅಣ್ಣಾ, ಅದನ್ನ ಬರೆದಿಟ್ಟುಕೊಂಡೆ. ಮೈದುನನಿಗೆ ಹೇಳೋಕೆ ಒಂದು ಮಾತು ಸಿಕ್ತು.

ಹೊಸಬ್ಬ:

ಮಧ್ಯದಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ನಮ್ಮ ಅಜ್ಜಿಗೆ ಪಿಎಂ-ಕಿಸಾನ್‌ಗೆ ಬೇಕಾದ ಇ-ಕೆವೈಸಿ, ಅಂದರೆ ಆಧಾರಿನಿಂದ ಗುರುತು ಖಾತ್ರಿ ಮಾಡೋದು, ಆಗ್ತಾನೇ ಇಲ್ಲ. ಗ್ರಾಮ ಒನ್‌ನಲ್ಲಿ ಹೆಬ್ಬೆಟ್ಟು ತಗೊಳ್ತಿಲ್ಲ. ಕಳೆ ಕಿತ್ತು, ಕುಡುಗೋಲು ಹಿಡಿದು ಬೆರಳ ಗೆರೆಯೆಲ್ಲ ಸವೆದಿದೆ. ಬಿಸಿನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಕರೆದುಕೊಂಡು ಹೋದೆ, ಹತ್ತೂ ಬೆರಳು ಇಟ್ಟರೂ ಆಗಲಿಲ್ಲ. ಜೊತೆಗೆ ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಕ್ಕ' ಇದೆ, ಆಧಾರಲ್ಲಿ 'ಅಮ್ಮ' ಇದೆ.

ನಿವೃತ್ತ ಲೆಕ್ಕಿಗ:

ಬೆರಳು ಬಿಡು, ಮುಖ ತೋರಿಸಿದರೆ ಸಾಕು. ಪಿಎಂ-ಕಿಸಾನ್ ಆ್ಯಪಲ್ಲಿ 2023ರಿಂದ ಮುಖ ನೋಡಿ ಇ-ಕೆವೈಸಿ ಮಾಡೋದು ಇದೆ. ಬೆಳಕಿಗೆ ಕೂರಿಸಿ, ಕಣ್ಣು ಮಿಟುಕಿಸೋಕೆ ಹೇಳು. ಅಕ್ಕ ಅಮ್ಮ ವ್ಯತ್ಯಾಸಕ್ಕೆ ನಿಮ್ಮ ಗ್ರಾಮ ಆಡಳಿತ ಅಧಿಕಾರಿಯನ್ನ ಕಾಣು, ಪಹಣಿಗೆ ಆಧಾರ್ ಜೋಡಿಸೋವಾಗ ಇಬ್ಬರೂ ಒಬ್ಬರೇ ಅಂತ ಖಾತ್ರಿ ಮಾಡಿಕೊಳ್ಳೋದು ಅವರ ಕೆಲಸ. ದುಡ್ಡು ಬಂದಿದೆ ಅಂತ ತೋರಿಸಿ ಪಾಸ್‌ಬುಕ್ಕಲ್ಲಿ ಇಲ್ಲ ಅಂದರೆ ಸರ್ಕಾರದ ನೇರ ಜಮೆ ತೋರಿಸೋ ಡಿಬಿಟಿ ಕರ್ನಾಟಕ ಆ್ಯಪ್ ನೋಡು. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಎಷ್ಟೋ ಜನರದ್ದು ಸಿಮ್ ತಗೊಳ್ಳುವಾಗ ಅವರಿಗೇ ಗೊತ್ತಿಲ್ಲದೆ ತೆರೆದ ಖಾತೆಯಲ್ಲಿ ಕೂತಿರುತ್ತೆ.

ಹೊಸಬ್ಬ:

ಆಯ್ತು ಸಾರ್! ಅಂಗಳದಲ್ಲಿ ಕೂರಿಸಿ ಮಾಡಿದೆ, ಎರಡನೇ ಸಲಕ್ಕೆ ತಗೊಂಡಿತು. ಅಜ್ಜಿ ಸೆರಗು ಸರಿ ಮಾಡಿಕೊಂಡು ಫೋಟೊಗೆ ಕೂತ ಹಾಗೆ ಕೂತಿದ್ದಳು.

ಶೇಂಗಾಸೀಮೆ:

ಹತ್ತು ದಿನ ಆಯ್ತು, ಆದದ್ದನ್ನ ಬರೀತೀನಿ. ಇಷ್ಟು ಜನ ನನಗಾಗಿ ಸಮಯ ಕೊಟ್ಟಿದ್ದೀರಿ.

ಪಿಎಂ-ಕಿಸಾನ್ ಅಮ್ಮನ ಹೆಸರಲ್ಲೇ ಇರಲಿ ಅಂತ ಅಪ್ಪನೇ ಹೇಳಿದರು. ಅಪ್ಪನದ್ದು ಬಿಡ್ತೀವಿ ಅಂತ ಬರೆದುಕೊಟ್ಟು ಬಂದ್ವಿ. ಹಿಂದೆ ಬಂದದ್ದನ್ನ ವಾಪಸ್ ಕೇಳಿದರೆ ಈ ಶೇಂಗಾ ಮಾರಿದ ಮೇಲೆ ಕಟ್ಟೋಣ ಅಂದಿದ್ದಾರೆ.

ದಾವಣಗೆರೆಯವರಿಗೆ ಫೋನ್ ಮಾಡಿದೆ. ಮಾತು ಎತ್ತೋಕೆ ಅಪ್ಪ ಬೇಡ ಅಂದರು, ಮುಂದಿನ ವರ್ಷ ಹೊಲ ತಪ್ಪಿಸಿಬಿಟ್ಟರೆ ಅಂತ ಅವರಿಗೆ ಭಯ. ನಾನು ಜಗಳ ಮಾಡಲಿಲ್ಲ, ಪಟ್ಟಿಯಲ್ಲಿ ಹಿಂಗಿದೆ ಸಾರ್ ಅಂತಷ್ಟೇ ಹೇಳಿದೆ. ಅವರು, ಯಾವ ದುಡ್ಡು, ನನಗೆ ಗೊತ್ತೇ ಇಲ್ಲ, ಮೆಸೇಜ್ ಎಲ್ಲ ಮಗ ನೋಡ್ತಾನೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮ್ಮಪ್ಪನಿಗೆ ಫೋನ್ ಕೊಡು ಅಂದರು. ಅಪ್ಪ ಹೊಲಕ್ಕೆ ಹೋಗಿದ್ದರು. ಸಂಜೆ ಮಾಡ್ತೀನಿ ಅಂದವರು ಇನ್ನೂ ಮಾಡಿಲ್ಲ. ಪಟ್ಟಿಯ ಆ ಸಾಲಿನ ಫೋಟೊ ಕಳಿಸಿದ್ದೀನಿ, ನೀಲಿ ಗೆರೆ ಬಿದ್ದಿದೆ.

ತಾತನ ಹೊಲದ ಪೌತಿಗೆ ಮರಣ ಪತ್ರ ಸಿಕ್ಕಿದೆ. ಚಿಕ್ಕಪ್ಪ ಭಾನುವಾರ ಬೆಂಗಳೂರಿಂದ ಬರ್ತಾರೆ, ಇಬ್ಬರು ಅತ್ತೆಯರಿಗೂ ಬರೋಕೆ ಹೇಳಿದ್ದೀನಿ. ಅವರ ಹೆಸರೂ ವಂಶವೃಕ್ಷದಲ್ಲಿ ಇರಲೇಬೇಕು ಅಂತ ಅಮ್ಮ ಗಟ್ಟಿಯಾಗಿ ಹೇಳಿದ್ದಾರೆ.

ಬದುವಿನ ಹೂ ಅಕ್ಕಾ, ನಿಮ್ಮ ಮೈದುನ ಸಹಿ ಹಾಕಿದರಾ?